ತೋಪಿನ ಹಿಂದೆ ನಿಂತು ಕೇಳಿದ ಹಾಡು

— ಈ ಚಿತ್ರದಲ್ಲಿ ಹಾಡು ಮುಖ್ಯವೋ, ತೋಪು ಮುಖ್ಯವೋ, ಚಿಕ್ಕಪ್ಪ? ನಾನು ನಾಯಕಿ ವಾರ್ಯಾಳ ಮುಖ ನೋಡ್ತಾ ಇದ್ರೆ ನೀವು ಅವಳ ಹಿಂದೆ ನಿಂತಿರೋ ತೋಪನ್ನೇ ನೋಡ್ತಾ ಇದ್ರಿ.

— ಎರಡನ್ನೂ ಬಿಡಿಸಿ ನೋಡೋಕೆ ಆಗಲ್ಲ ಮಗಳೇ. 'ಯುದ್ಧ ಮುಗಿದ ಮೇಲೆ ಸಂಜೆ ಆರು ಗಂಟೆಗೆ' ಅನ್ನೋ ಈ ಸೋವಿಯತ್ ಚಿತ್ರ ತೆರೆಗೆ ಬಂದಿದ್ದು 1944ರಲ್ಲಿ. ಯುದ್ಧ ಇನ್ನೂ ಮುಗಿದಿರಲಿಲ್ಲ. ಚಿತ್ರದಲ್ಲಿ ಕಾಣೋ ತೋಪು ಆ ಹೊತ್ತಿಗೆ ಮ್ಯೂಸಿಯಂನ ವಸ್ತು ಅಲ್ಲ, ಫ್ರಂಟಿನಲ್ಲಿ ದುಡೀತಾ ಇದ್ದ ಆಯುಧ. ಅದರ ಹಿಂದೆ ನಿಂತವರು ಯಾರ ಮನೆಯವರು ಅಂತ ಟಾಕೀಸಿನಲ್ಲಿ ಕೂತವರಿಗೆ ಗೊತ್ತಿತ್ತು. ನಾವೀಗ ಅದನ್ನ ಹಳೆಯ ಕಪ್ಪು-ಬಿಳುಪು ಚಿತ್ರ ಅಂತ ನೋಡ್ತೀವಿ. ಅವರು ನೋಡಿದ್ದು ತಮ್ಮ ಆ ವಾರದ ಬದುಕನ್ನ.

— ಹಾಗಿದ್ದ ಮೇಲೆ ಅದನ್ನ ಹಾಡಿನ ಚಿತ್ರ ಯಾಕೆ ಮಾಡಿದ್ರು? ಊರೂರು ಸುಟ್ಟು ಹೋಗಿರೋವಾಗ ಹಾಡು, ಪ್ರಾಸ, ಪ್ರೇಮ? ಮಾತು ಕೂಡ ಪದ್ಯದಲ್ಲೇ ಇದೆ.

— ನಿರ್ದೇಶಕ ಇವಾನ್ ಪಿರ್ಯೆವ್‌ಗೆ ಅದು ಹೊಸ ದಾರಿಯಲ್ಲ. ಕವಿ ವಿಕ್ತೋರ್ ಗುಸೆವ್, ಸಂಗೀತಗಾರ ತಿಖೋನ್ ಖ್ರೆನ್ನಿಕೋವ್, ನಟಿ ಮರೀನಾ ಲದಿನಿನಾ, ಈ ಮೂವರ ಜೊತೆ ಅವನು ಹಿಂದೆಯೇ 'ಹಂದಿ ಕಾಯುವವಳು ಮತ್ತು ಕುರುಬ' ಅನ್ನೋ ಚಿತ್ರ ಮಾಡಿದ್ದ. ಅದರ ಚಿತ್ರೀಕರಣ ನಡೀತಿದ್ದಾಗಲೇ 1941ರ ಜೂನ್‌ನಲ್ಲಿ ಜರ್ಮನರು ನುಗ್ಗಿದ್ರು. ಆದರೂ ಆ ವರ್ಷವೇ ಮುಗಿಸಿ ತೆರೆಗೆ ತಂದರು. ಆಮೇಲೆ ಮಾಸ್‌ಫಿಲ್ಮ್ ಸ್ಟುಡಿಯೋನೇ ಮಾಸ್ಕೋ ಬಿಟ್ಟು ಕಜಕಸ್ತಾನದ ಅಲ್ಮಾ-ಅತಾಕ್ಕೆ ಹೋಯ್ತು. ಅಲ್ಲಿಂದ ತಿರುಗಿ ಬಂದ ಮೇಲೆ ಮಾಡಿದ ಚಿತ್ರ ಇದು. ಅದಕ್ಕೂ ಹಿಂದೆ, 1939ರಲ್ಲಿ, ಇದೇ ಪಿರ್ಯೆವ್, ಇದೇ ಲದಿನಿನಾ 'ಟ್ರ್ಯಾಕ್ಟರ್ ಚಾಲಕರು' ಚಿತ್ರದಲ್ಲಿ ಇದ್ದರು. ಮೂವರು ಟ್ಯಾಂಕ್ ಸೈನಿಕರ ಹಾಡು ಊರಿಗೆಲ್ಲ ಬಾಯಿಪಾಠ ಆಗಿದ್ದು ಅದರಿಂದಲೇ. ಆದರೆ ಅಲ್ಲಿ ಆಯುಧ ಇನ್ನೂ ಯಾರನ್ನೂ ಸುಟ್ಟಿಲ್ಲ. ಟ್ಯಾಂಕ್ ಅಂದ್ರೆ ಮೆರವಣಿಗೆ, ಟ್ರ್ಯಾಕ್ಟರ್ ಓಡಿಸೋನು ನಾಳೆ ಟ್ಯಾಂಕ್ ಓಡಿಸ್ತಾನೆ ಅನ್ನೋ ಧೈರ್ಯ. ಎರಡು ವರ್ಷದಲ್ಲಿ ಆ ಧೈರ್ಯಕ್ಕೆ ಏನಾಯ್ತು ಅಂತ ಜಗತ್ತು ನೋಡಿತು. ಆ ಚಿತ್ರಕ್ಕೂ ಇದಕ್ಕೂ ನಡುವಿನ ಐದು ವರ್ಷ ಈ ಚಿತ್ರದ ತೋಪಿನಲ್ಲಿ ಇದೆ.

— ನಾಯಕ ತೋಪಿನವನೇ ಯಾಕೆ ಆಗಬೇಕಿತ್ತು? ವಿಮಾನದವನೋ ಟ್ಯಾಂಕಿನವನೋ ಆಗಬಹುದಿತ್ತಲ್ಲ?

— ಅದು ನನಗೆ ಒಳಗಿನಿಂದ ಅರ್ಥ ಆಗತ್ತೆ. ನಾನು ತೋಪ್‌ಖಾನೆಯಲ್ಲಿ ದುಡಿದವನು, ಅದರಲ್ಲೂ ರಷ್ಯಾದವರ 130 ಎಂಎಂ ತೋಪಿನ ಮೇಲೆ. ತೋಪು ಒಬ್ಬನ ಆಯುಧ ಅಲ್ಲ. ಬಂದೂಕು ಹಿಡಿದವನು ಒಬ್ಬನೇ ಗುರಿ ಹಿಡೀತಾನೆ, ಒಬ್ಬನೇ ಕುದುರೆ ಎಳೀತಾನೆ. ತೋಪಿಗೆ ಒಂದು ತಂಡ ಬೇಕು. ಒಬ್ಬ ಗುರಿ ನೋಡೋನು, ಒಬ್ಬ ಬ್ರೀಚ್ ತೆಗೆಯೋನು, ಒಬ್ಬ ಗುಂಡು ತುಂಬೋನು, ಇಬ್ಬರು ಗುಂಡು ಹೊತ್ತು ತರೋರು, ಎಲ್ಲರಿಗೂ ಕೂಗಿ ಹೇಳೋನು ಒಬ್ಬ. ಕೂಗು, ತುಂಬು, ಮುಚ್ಚು, ಹಾರಿಸು, ನಳಿಗೆ ಹಿಂದಕ್ಕೆ ಜಾರತ್ತೆ, ಮುಂದಕ್ಕೆ ಬರತ್ತೆ, ಖಾಲಿ ಚಿಪ್ಪು ಹೊರಗೆ ಬೀಳತ್ತೆ, ಮತ್ತೆ ಕೂಗು. ಆ ಕಾಲದ ಸೋವಿಯತ್ 76 ಎಂಎಂ ತೋಪನ್ನ ಪಳಗಿದ ತಂಡ ನಿಮಿಷಕ್ಕೆ 20ಕ್ಕೂ ಹೆಚ್ಚು ಸಲ ಹಾರಿಸಬಹುದಿತ್ತು. ಅಷ್ಟು ಬೇಗ ಕೆಲಸ ನಡೀಬೇಕಾದ್ರೆ ಇಡೀ ತಂಡದ ಮೈ ಒಂದೇ ತಾಳಕ್ಕೆ ಬರಬೇಕು. ತಾಳ ತಪ್ಪಿದವನ ಕೈ ಹೋಗತ್ತೆ.

— ನಮ್ಮಲ್ಲಿ ಕಣದಲ್ಲಿ ಹಂತಿ ಹೊಡೆಯೋವಾಗ ಹಾಡ್ತಿದ್ರಲ್ಲ, ಹಾಗೆ. ದುಡಿಮೆಯೇ ಹಾಡಿಗೆ ತಾಳ ಕೊಡೋದು.

— ಸರಿಯಾಗಿ ಹಿಡಿದೆ. ಅದಕ್ಕೇ ಈ ಚಿತ್ರದಲ್ಲಿ ಬರೋ ಖ್ರೆನ್ನಿಕೋವ್‌ನ ತೋಪಿನವರ ಮಾರ್ಚ್ ಅಂಟಿಸಿದ ಹಾಡಿನ ಹಾಗೆ ಕೇಳಿಸಲ್ಲ. ತೋಪಿನವರ ಕೆಲಸದಲ್ಲಿ ಇರೋ ತಾಳವೇ ಅದರ ಹೆಜ್ಜೆಯಲ್ಲಿ ಇದೆ. ಚಿತ್ರ ಬಂದ ಕಾಲವೂ ಕೂಡಿ ಬಂತು. 1944ರ ಅಕ್ಟೋಬರ್‌ನಲ್ಲಿ ಸೋವಿಯತ್ ಸರ್ಕಾರ ನವೆಂಬರ್ 19ನ್ನ ತೋಪ್‌ಖಾನೆಯ ದಿನ ಅಂತ ಘೋಷಿಸಿತು. 1942ರ ಆ ದಿನವೇ ಸ್ಟಾಲಿನ್‌ಗ್ರಾಡ್ ಹತ್ತಿರ ಸಾವಿರಾರು ತೋಪುಗಳು ಒಟ್ಟಿಗೆ ಬಾಯಿ ತೆರೆದು ಯುದ್ಧದ ದಿಕ್ಕು ತಿರುಗಿಸಿದ್ದು. ಚಿತ್ರ ಜನರ ಮುಂದೆ ಬಂದಿದ್ದೂ ಆ ನವೆಂಬರ್‌ನಲ್ಲೇ.

— ಒಂದು ವಿಷಯ ನನ್ನನ್ನ ಕಾಡತ್ತೆ. ಚಿತ್ರದಲ್ಲಿ ತೋಪಿನ ಸದ್ದು ಭಯ ಹುಟ್ಟಿಸಲ್ಲ. ಹುರುಪು ಹುಟ್ಟಿಸತ್ತೆ. ಅದು ಮೋಸ ಅಲ್ವಾ?

— ಹಾರಿಸೋನ ಕಿವಿ ಬೇರೆ, ಹೊಡೆಸಿಕೊಳ್ಳೋನ ಕಿವಿ ಬೇರೆ. ಆ 76 ಎಂಎಂ ತೋಪಿನ ಗುಂಡು ನಳಿಗೆ ಬಿಡೋವಾಗ ಸೆಕೆಂಡಿಗೆ 680 ಮೀಟರ್ ವೇಗ. ಸದ್ದಿನ ವೇಗ 340ರ ಸುಮಾರು. ಒಂದು ಕಿಲೋಮೀಟರ್ ದೂರದಲ್ಲಿ ಇರೋನಿಗೆ ಗುಂಡು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಬಂದು ಸಿಡಿಯತ್ತೆ. ತೋಪು ಹಾರಿದ ಸದ್ದು ಅವನಿಗೆ ಕೇಳೋದು ಮೂರನೇ ಸೆಕೆಂಡಿಗೆ, ಅದೂ ಕೇಳೋಕೆ ಅವನು ಬದುಕಿದ್ರೆ. ಮೊದಲು ಸಿಡಿತ, ಆಮೇಲೆ ಗುಡುಗು. ಜರ್ಮನ್ ಸೈನಿಕರು ಆ ತೋಪಿಗೆ 'ರಾಟ್ಷ್-ಬುಮ್' ಅಂತ ಹೆಸರಿಟ್ಟಿದ್ದು ಅದಕ್ಕೇ. ತೋಪಿನ ಹಿಂದೆ ನಿಂತವನಿಗೆ ಎಲ್ಲ ತಲೆಕೆಳಗು. ಅವನಿಗೆ ಮೊದಲು ಗುಡುಗು, ಆಮೇಲೆ ದೂರದಲ್ಲಿ ಒಂದು ಹೊಗೆ. ಇಡೀ ಚಿತ್ರದಲ್ಲಿ ನಾವು ಸದ್ದು ಕೇಳೋದು ಹೀಗೆ, ತೋಪಿನ ಹಿಂದೆ ನಿಂತು. ಅದು ಸುಳ್ಳಲ್ಲ, ಒಂದು ಕಡೆಯ ಸತ್ಯ.

— ಒಂದೇ ಕಡೆಯ ಸತ್ಯಕ್ಕೆ ವಾದ್ಯವೃಂದ ಸೇರಿಸಿದ್ರೆ ಅದು ಏನಾಗತ್ತೆ?

— ಅದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ. ಆ ಕಾಲದಲ್ಲಿ ಸದ್ದನ್ನ ಫಿಲ್ಮಿನ ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಮುದ್ರಿಸ್ತಿದ್ರು. ಪಿಸುಮಾತಿಗೂ ಗುಡುಗಿಗೂ ನಡುವೆ ಅದರಲ್ಲಿ ಜಾಗ ಬಹಳ ಕಡಿಮೆ. ನಿಜವಾದ ತೋಪಿನ ಸದ್ದು ಆ ಗೆರೆಗೆ ಹಿಡಿಸೋದೇ ಇಲ್ಲ, ಒಡೆದು ಬರೀ ಗರಗರ ಆಗತ್ತೆ. ಪಕ್ಕದಲ್ಲಿ ನಿಂತವನಿಗೆ ತೋಪಿನ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯತ್ತೆ, ಹಲ್ಲಿನ ಬೇರಿಗೆ ಬಡಿಯತ್ತೆ. ನನ್ನ ಬಲಗಿವಿ ಮಂದ ಆಗಿದ್ದು ಹಾಗೆ, ತೋಪಿನವರಲ್ಲಿ ಎಷ್ಟೋ ಜನಕ್ಕೆ ಹಾಗೇ. ಅದನ್ನ ಯಾವ ಸಿನಿಮಾನೂ ಕೊಡೋಕಾಗಲ್ಲ. ಹಾಗಾಗಿ ಆ ಎದೆಯ ಬಡಿತದ ಕೆಲಸವನ್ನ ತಮಟೆ-ಕಹಳೆಗಳು ಹೊತ್ತುಕೊಂಡವು. ಆದರೆ ನಿನ್ನ ಪ್ರಶ್ನೆ ಕಾರಣಕ್ಕಿಂತ ದೊಡ್ಡದು, ಅದನ್ನ ನಾನು ಒಪ್ಪುತ್ತೀನಿ. ಸಂಗೀತ ಸೇರಿದ ತಕ್ಷಣ ಆಯುಧದ ತೂಕ ಇಳಿಯತ್ತೆ.

— ತೂಕ ಅಂದ್ರಲ್ಲ, ಆ ತೋಪುಗಳನ್ನ ಜನ ಕೈಯಲ್ಲೇ ತಳ್ಳಿಕೊಂಡು ಹೋಗೋದನ್ನ ಹಳೆಯ ಫೋಟೋಗಳಲ್ಲಿ ನೋಡಿದ್ದೀನಿ.

— ತಳ್ಳಲೇಬೇಕಿತ್ತು. ಝಿಸ್-3 ಅನ್ನೋ ಆ 76 ಎಂಎಂ ತೋಪು, ವಸಿಲಿ ಗ್ರಾಬಿನ್ ರೂಪಿಸಿದ್ದು, ಸುಮಾರು 1200 ಕಿಲೋ. ನಾನು ದುಡಿದ 130 ಏಳು ಟನ್‌ಗೂ ಹೆಚ್ಚು, ಗುಂಡೊಂದೇ 33 ಕಿಲೋ. ಅದಕ್ಕೆ ಹೋಲಿಸಿದ್ರೆ ಝಿಸ್-3 ಹಗುರ, ಅದೇ ಅದರ ಜಾಣತನ. ಗ್ರಾಬಿನ್ 57 ಎಂಎಂ ತೋಪಿನ ಹಗುರವಾದ ಗಾಡಿಯ ಮೇಲೆ 76 ಎಂಎಂ ನಳಿಗೆ ಕೂರಿಸಿದ. ಅಷ್ಟು ಹಗುರ ಗಾಡಿ ಹಿಂದೊತ್ತಿನ ಪೆಟ್ಟನ್ನ ತಡೆಯಲಿ ಅಂತ ನಳಿಗೆಯ ತುದಿಗೆ ಮಜಲ್ ಬ್ರೇಕ್ ಹಾಕಿದ. ಗೋರ್ಕಿ ನಗರದ 92ನೇ ಕಾರ್ಖಾನೆಯಲ್ಲಿ ಕಾರು ಜೋಡಿಸೋ ಹಾಗೆ ಸಾಲಾಗಿ ತೋಪು ಜೋಡಿಸಿದ್ರು. ಯುದ್ಧ ಮುಗಿಯೋ ಹೊತ್ತಿಗೆ ಅಂಥ ತೋಪುಗಳ ಸಂಖ್ಯೆ ಹತ್ತಾರು ಸಾವಿರ ದಾಟಿತ್ತು. ಜೋಡಿಸಿದ ಕೈಗಳಲ್ಲಿ ಹೆಂಗಸರದ್ದು, ಹದಿನಾಲ್ಕು-ಹದಿನೈದರ ಹುಡುಗರದ್ದು ಬಹಳ. ಈ ಚಿತ್ರ ನೋಡೋಕೆ ಕೂತವರಲ್ಲಿ ಅವರೂ ಇದ್ದರು. ತಾವು ಬೋಲ್ಟ್ ಬಿಗಿದ ವಸ್ತು ತೆರೆಯ ಮೇಲೆ ಹಾಡಿನ ಜೊತೆ ಉರುಳಿಕೊಂಡು ಬಂದಾಗ ಅವರಿಗೆ ಆದ ಭಾವನೆಯನ್ನ ಪ್ರಚಾರ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ.

— ಪ್ರಚಾರ ಅಲ್ಲ ಅಂತೀರಾ?

— ಪ್ರಚಾರವೇ. ಮಾರ್ಚ್‌ನಲ್ಲಿ ಸ್ಟಾಲಿನ್ ಹೆಸರಿದೆ, ಅವನೇ ಆಜ್ಞೆ ಕೊಟ್ಟ ಅಂತ ಇದೆ. ಚಿತ್ರಕ್ಕೆ ಆಮೇಲೆ ಸ್ಟಾಲಿನ್ ಬಹುಮಾನವೂ ಬಂತು. ಸ್ಟಾಲಿನ್ ಸತ್ತು, ಅವನ ಹೆಸರು ಎಲ್ಲ ಕಡೆ ಅಳಿಸೋಕೆ ಶುರು ಮಾಡಿದ ಮೇಲೆ ಅದೇ ಹಾಡಿನಲ್ಲಿ ಹೆಸರು ತೆಗೆದು ಬರೀ ಆಜ್ಞೆ ಉಳಿಸಿಕೊಂಡರು. ರಾಗ ಒಂಚೂರೂ ಕದಲಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಹೇಳ್ತೀನಿ, ಆ ಜನರ ಹೆಮ್ಮೆ ಬಾಡಿಗೆಗೆ ತಂದದ್ದಲ್ಲ.

— ನನ್ನ ಮಟ್ಟಿಗೆ ಈ ಚಿತ್ರದಲ್ಲಿ ಆಯುಧ ನಿಜವಾಗಿ ಕಾಣೋದು ಒಂದೇ ಕಡೆ, ಚಿಕ್ಕಪ್ಪ. ಅಲ್ಲಿ ತೋಪೇ ಇಲ್ಲ. ನಾಯಕ ಕುದ್ರ್ಯಾಶೋವ್ ಕಾಲು ಕಳ್ಕೊಂಡು ಮಲಗಿರ್ತಾನಲ್ಲ, ಅಲ್ಲಿ. ಅದಕ್ಕೆ ಮುಂಚೆ ಏನೆಲ್ಲ ಸಂತೋಷ ನಡೆದಿದೆ ನೋಡಿ. ಫ್ರಂಟಿಗೆ ಶಿಶುವಿಹಾರದ ಮಕ್ಕಳಿಂದ ಉಡುಗೊರೆ ಬರತ್ತೆ, ಅದರಲ್ಲಿ ಅವರ ವಾರ್ಯಾ ಟೀಚರ್ ಫೋಟೋ. ಇಬ್ಬರು ಲೆಫ್ಟಿನೆಂಟ್‌ಗಳು, ಕುದ್ರ್ಯಾಶೋವ್ ಮತ್ತು ದೆಮಿದೋವ್, ಮಾಸ್ಕೋಗೆ ಬಂದಾಗ ಅವಳನ್ನ ಹುಡುಕಿಕೊಂಡು ಹೋಗ್ತಾರೆ. ಕುದ್ರ್ಯಾಶೋವ್‌ಗೂ ಅವಳಿಗೂ ಪ್ರೀತಿ ಆಗತ್ತೆ. ಯುದ್ಧ ಮುಗಿದ ಮೇಲೆ ಸಂಜೆ ಆರಕ್ಕೆ ಕ್ರೆಮ್ಲಿನ್ ಪಕ್ಕದ ಸೇತುವೆ ಮೇಲೆ ಸೇರೋಣ ಅಂತ ಮಾತಾಗತ್ತೆ. ಇಷ್ಟರವರೆಗೆ ನೀವು ಹೇಳಿದ ಹಾಗೆ ನಾವೆಲ್ಲ ತೋಪಿನ ಹಿಂದೆ ಇದ್ದೀವಿ. ಕಾಲು ಹೋದ ಕ್ಷಣದಲ್ಲಿ ಚಿತ್ರ ನಮ್ಮನ್ನ ತೋಪಿನ ಮುಂದೆ ತಂದು ನಿಲ್ಲಿಸತ್ತೆ. ಅವನು ಗೆಳೆಯನಿಗೆ ಹೇಳ್ತಾನೆ, ನಾನು ಸತ್ತೆ ಅಂತ ಅವಳಿಗೆ ಹೇಳಿಬಿಡು ಅಂತ. ನನಗೆ ಇಡೀ ಚಿತ್ರದಲ್ಲಿ ಅದಕ್ಕಿಂತ ಜೋರಾದ ಸದ್ದು ಕೇಳಿಸಲಿಲ್ಲ.

— ಹೇಳು, ನಿಲ್ಲಿಸಬೇಡ.

— ಹಾಡಿನ ಚಿತ್ರದ ನಾಯಕನಿಗೆ ಗಾಯ ಆಗಬಹುದು, ತಲೆಗೆ ಬಿಳಿ ಪಟ್ಟಿ ಕಟ್ಟಬಹುದು, ಆ ಪಟ್ಟಿ ಅವನನ್ನ ಇನ್ನಷ್ಟು ಚೆಂದ ಮಾಡತ್ತೆ. ಅವನ ಮೈಯಿಂದ ಒಂದು ಅಂಗ ಶಾಶ್ವತವಾಗಿ ಹೋಗೋ ಹಾಗಿಲ್ಲ. ಮುಂದಿನ ಹಾಡಿಗೆ ಅವನು ಕುಣಿಯಬೇಕಲ್ಲ! ಪಿರ್ಯೆವ್, ಗುಸೆವ್ ಆ ನಿಯಮ ಮುರಿದ್ರು. 1944ರಲ್ಲಿ ಸೋವಿಯತ್ ದೇಶದ ರೈಲ್ವೆ ನಿಲ್ದಾಣಗಳಲ್ಲಿ, ಆಸ್ಪತ್ರೆಗಳಲ್ಲಿ ಕೈಕಾಲು ಕಳ್ಕೊಂಡ ಗಂಡಸರು ಲಕ್ಷಗಟ್ಟಲೆ. ಮನೆಗೆ ಹೋಗೋದೋ ಬೇಡವೋ ಅಂತ ಅವರಲ್ಲಿ ಎಷ್ಟು ಜನ ಹೀಗೇ ಯೋಚಿಸಿರಬೇಕು. ಟಾಕೀಸಿನಲ್ಲಿ ಊರುಗೋಲು ಪಕ್ಕಕ್ಕಿಟ್ಟು ಕೂತವನಿಗೆ, ಅವನ ಪಕ್ಕದ ಹೆಂಡತಿಗೆ, ಆ ದೃಶ್ಯ ಕಥೆ ಅಲ್ಲ. ಆಮೇಲೆ ಚಿತ್ರ ಮೆತ್ತಗೆ ಆಗತ್ತೆ, ಪ್ರೀತಿ ಎಲ್ಲ ಸರಿ ಮಾಡತ್ತೆ ಅನ್ನತ್ತೆ. ಅಲ್ಲಿ ನನಗೆ ಸಿಟ್ಟು ಬರತ್ತೆ. ಯುದ್ಧ ಮುಗಿದ ಮೇಲೆ ಅವರಲ್ಲಿ ಬಹಳ ಜನಕ್ಕೆ ಸಿಕ್ಕಿದ್ದು ಸೇತುವೆಯ ಮೇಲಿನ ಸಂಜೆ ಅಲ್ಲ, ಒಂದು ಮರದ ಕಾಲು, ಸಂತೆಯ ಬಾಗಿಲಲ್ಲಿ ಕೈಚಾಚಿದ ಬದುಕು.

— ನೀನು ಸಿಟ್ಟಾಗೋದು ಸರಿ. ಆದರೆ ತೋಪಿನವರಿಗೆ ಇದು ಯಾಕೆ ಇಷ್ಟು ಹತ್ತಿರ ಅಂತಾನೂ ತಿಳ್ಕೊ. ಟ್ಯಾಂಕುಗಳ ಎದುರು ನೇರವಾಗಿ ನಿಂತು ಹಾರಿಸೋ ತೋಪುಗಳು ಕಣ್ಣಿಗೆ ಬೀಳೋ ಆಯುಧ. ಒಂದು ಗುಂಡು ಹಾರಿಸಿದ್ರೆ ಧೂಳು ಎದ್ದು, ಇಲ್ಲಿದ್ದೀವಿ ಅಂತ ಶತ್ರುವಿಗೆ ಹೇಳಿಬಿಡತ್ತೆ. 45 ಎಂಎಂ ಚಿಕ್ಕ ತೋಪಿಗೆ ಸೋವಿಯತ್ ಸೈನಿಕರೇ ಇಟ್ಟ ಹೆಸರು 'ವಿದಾಯ, ತಾಯ್ನಾಡೇ'. ಆ ತಂಡಗಳಿಗೆ ಸಂಬಳ ಹೆಚ್ಚು ಕೊಡ್ತಿದ್ರು, ತೋಳಿನ ಮೇಲೆ ಬೇರೆ ಗುರುತು ಹಾಕ್ತಿದ್ರು. ಬದುಕು ಗಿಡ್ಡ ಅಂತ ಎಲ್ಲರಿಗೂ ಗೊತ್ತಿತ್ತು. ಆ ತೋಪಿಗೆ ಯಾರೂ ಮಾರ್ಚ್ ಬರೀಲಿಲ್ಲ.

— ಹಾಡು ಸಿಗೋಕೂ ಆಯುಧ ಒಂದಿಷ್ಟು ಬದುಕಬೇಕು ಅನ್ನಿ.

— ಕತ್ಯೂಷಾ ಅನ್ನೋ ರಾಕೆಟ್ ಗಾಡಿಗೆ ಸಿಕ್ಕಿತಲ್ಲ. 1938ರಲ್ಲಿ ಬ್ಲಾಂಟರ್, ಇಸಕೋವ್‌ಸ್ಕಿ ಸೇರಿ ಮಾಡಿದ ಒಂದು ಪ್ರೇಮದ ಹಾಡಿನ ಹೆಸರು ಅದು, ಗಡಿ ಕಾಯೋನನ್ನ ನೆನೆಯೋ ಹುಡುಗಿಯದು. 1941ರ ಜುಲೈ 14ರಂದು ಓರ್ಷಾ ರೈಲು ನಿಲ್ದಾಣದ ಮೇಲೆ ಮೊದಲ ಸಲ ಆ ರಾಕೆಟ್ ಗಾಡಿಗಳು ಬೆಂಕಿ ಸುರಿಸಿದ್ವು. ಆಯುಧ ಎಷ್ಟು ಗುಟ್ಟಿನದು ಅಂದ್ರೆ ಸೈನಿಕರಿಗೆ ಅದರ ಅಸಲಿ ಹೆಸರು ಹೇಳಿರಲಿಲ್ಲ. ಅವರು ಹಾಡಿನ ಹುಡುಗಿಯ ಹೆಸರನ್ನೇ ಇಟ್ಟುಬಿಟ್ರು. ಹಾಡಿನ ಹುಡುಗಿ ಲಾರಿ ಮೇಲೆ 16 ರಾಕೆಟ್ ಹೊತ್ತು ನಿಂತಳು. ಆ ದೇಶದಲ್ಲಿ ಆ ವರ್ಷಗಳಲ್ಲಿ ಹಾಡು ಮತ್ತು ಆಯುಧ ಒಂದೇ ಬಾಯಲ್ಲಿ ಇದ್ವು.

— ವಾರ್ಯಾಳೂ ಹಾಗೇ ಆದಳು. ಶಿಶುವಿಹಾರದ ಟೀಚರ್ ವಿಮಾನ ಹೊಡೆಯೋ ತೋಪಿನ ದಳಕ್ಕೆ ಸೇರ್ತಾಳೆ. ಲದಿನಿನಾ ಅಷ್ಟು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ನಿಂತಿರೋದು ನೋಡಿ ನನಗೆ ನಂಬೋಕೆ ಕಷ್ಟ ಆಯ್ತು.

— ಬಟ್ಟೆ ನಂಬಬೇಡ, ಕೆಲಸ ನಂಬು. 1942ರ ಮಾರ್ಚ್ 25ರಂದು ಹೊರಟ ಆದೇಶದಲ್ಲಿ ಕೊಮ್ಸೊಮೋಲ್ ಯುವಸಂಘದ ಒಂದು ಲಕ್ಷ ಹುಡುಗಿಯರನ್ನ ವಾಯುರಕ್ಷಣೆಗೆ ಕರೆದುಕೊಳ್ಳಿ ಅಂತ ಇತ್ತು. ಅಲ್ಲಿದ್ದ ಗಂಡಸರನ್ನ ಬಿಡಿಸಿ ಮುಂದಿನ ಸಾಲಿಗೆ ಕಳಿಸಬೇಕಿತ್ತು. ಹುಡುಗಿಯರು ದೂರ ಅಳೆಯೋ ಯಂತ್ರಕ್ಕೆ, ಸರ್ಚ್‌ಲೈಟಿಗೆ, ನಗರದ ಮೇಲೆ ಕಟ್ಟೋ ಬಲೂನುಗಳಿಗೆ, ಕೊನೆಗೆ ತೋಪಿಗೇ ಬಂದ್ರು. ಶಾಲೆ, ಶಿಶುವಿಹಾರ, ಕಾಲೇಜು ಬಿಟ್ಟು ಬಂದ ಹುಡುಗಿಯರು. ವಾರ್ಯಾ ಕವಿಯ ಕಲ್ಪನೆ ಅಲ್ಲ, ಆ ಲಕ್ಷದಲ್ಲಿ ಒಬ್ಬಳು.

— ಅವರಿಗೆ ಸಿಕ್ಕ ತೋಪು?

— ಮಾಸ್ಕೋವನ್ನ ಕಾದದ್ದು ಹೆಚ್ಚಾಗಿ 85 ಎಂಎಂ ತೋಪು, 1939ರ ಮಾದರಿ. ಒಂಬತ್ತು ಕಿಲೋ ದಾಟಿದ ಗುಂಡನ್ನ ಹತ್ತು ಕಿಲೋಮೀಟರ್ ಎತ್ತರಕ್ಕೆ ಕಳಿಸೋ ಸಾಮರ್ಥ್ಯ. ಇದರ ಕೆಲಸ ನಿನಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮ ನೆಲದ ತೋಪಿಗೂ ಇದಕ್ಕೂ ಬಹಳ ವ್ಯತ್ಯಾಸ. ನಾವು ಹೊಡೆಯೋ ಗುರಿ ಬಹುಪಾಲು ಇದ್ದಲ್ಲೇ ಇರತ್ತೆ. ವಿಮಾನ ನಿಲ್ಲಲ್ಲ. ಸೆಕೆಂಡಿಗೆ ಸುಮಾರು ನೂರು ಮೀಟರ್ ಹೋಗ್ತಾ ಇರೋ ಬಾಂಬರ್ ಐದು ಕಿಲೋಮೀಟರ್ ಮೇಲಿದೆ ಅನ್ನು. ಗುಂಡು ಅಲ್ಲಿಗೆ ಮುಟ್ಟೋಕೆ ಅಂದಾಜು ಹತ್ತು ಸೆಕೆಂಡ್ ಹಿಡಿಯತ್ತೆ. ಅಷ್ಟರಲ್ಲಿ ಅದು ಒಂದು ಕಿಲೋಮೀಟರ್ ಮುಂದೆ ಹೋಗಿರತ್ತೆ. ಕಣ್ಣಿಗೆ ಕಾಣೋ ವಿಮಾನಕ್ಕೆ ಗುರಿ ಇಟ್ರೆ ಖಾಲಿ ಆಕಾಶಕ್ಕೆ ಹೊಡೆದ ಹಾಗೆ. ಹಾಗಾಗಿ ಒಂದು ಹುಡುಗಿ ಎತ್ತರ ಅಳೀತಾಳೆ, ಇನ್ನೊಬ್ಬಳು ವೇಗ, ದಿಕ್ಕು ಯಂತ್ರಕ್ಕೆ ತಿರುಗಿಸಿ ಕೊಡ್ತಾಳೆ, ಯಂತ್ರ ಲೆಕ್ಕ ಮಾಡಿ ಇನ್ನೂ ವಿಮಾನ ಬಾರದ ಒಂದು ಜಾಗ ಹೇಳತ್ತೆ. ಇಷ್ಟು ಸೆಕೆಂಡಿಗೆ ಸಿಡಿ ಅಂತ ಗುಂಡಿನ ಮೂತಿಗೆ ಸಮಯ ಕಟ್ತಾರೆ. ತೋಪು ಆ ಖಾಲಿ ಜಾಗಕ್ಕೆ ಹಾರತ್ತೆ.

— ಇನ್ನೂ ಬಾರದ ಜಾಗಕ್ಕೆ ಗುರಿ. ಚಿಕ್ಕಪ್ಪ, ಈ ಚಿತ್ರವೂ ಮಾಡಿದ್ದು ಅದೇ ಅಲ್ವಾ? 1944ರಲ್ಲಿ ಕೂತು ವಿಜಯದ ದಿನವನ್ನ ತೋರಿಸ್ತು. ಆ ದಿನ ಇನ್ನೂ ಬಂದಿರಲಿಲ್ಲ. ಎಲ್ಲಿ ಬರತ್ತೆ ಅಂತ ಲೆಕ್ಕ ಹಾಕಿ ಅಲ್ಲಿಗೆ ಹೊಡೆದ್ರು.

— ನಾನು ಹೇಳೋಕೆ ಹೊರಟಿದ್ದೂ ಅದೇ. ಈ ಚಿತ್ರದ ಬಗ್ಗೆ ನನಗಿರೋ ಗೌರವವೆಲ್ಲ ಅದರಲ್ಲೇ ಇದೆ. ಸಂಜೆ ಆರಕ್ಕೆ ಸೇರೋಣ ಅನ್ನೋ ಮಾತು ಅವರದ್ದಲ್ಲ, ಹಾಶೆಕ್ ಬರೆದ ಷ್ವೇಕ್ ಕಾದಂಬರಿಯಲ್ಲೇ ಇತ್ತು. ಮೊದಲ ಮಹಾಯುದ್ಧದ ಇಬ್ಬರು ಸೈನಿಕರು ಪ್ರಾಗ್‌ನ ಹೆಂಡದಂಗಡಿಯಲ್ಲಿ ಸೇರೋಣ ಅಂತ ಹಾಗೆ ಮಾತಾಡ್ಕೊಂಡು ಬೇರೆಯಾಗ್ತಾರೆ. ಅಲ್ಲಿ ಅದು ನಗು ತರಿಸೋ ಮಾತು. ಗುಸೆವ್ ಅದೇ ಮಾತನ್ನ ಇಟ್ಟುಕೊಂಡು, ನಗು ತೆಗೆದು, ಒಂದು ಹುಡುಗಿಯ ಆಣೆಯಾಗಿ ಮಾಡಿದ. ಆದರೆ ಅವನು 1944ರ ಜನವರಿಯಲ್ಲೇ ತೀರಿಕೊಂಡ. ಚಿತ್ರ ತೆರೆಗೆ ಬಂದದ್ದೂ ನೋಡಲಿಲ್ಲ, ತಾನು ಬರೆದ ಸಂಜೆಯೂ ನೋಡಲಿಲ್ಲ.

— ಆದರೆ ಎಲ್ಲ ಹುಡುಗಿಯರಿಗೂ ಆಕಾಶಕ್ಕೆ ಹೊಡೆಯೋ ಭಾಗ್ಯ ಇರಲಿಲ್ಲ. ಸ್ಟಾಲಿನ್‌ಗ್ರಾಡ್‌ನ ಹುಡುಗಿಯರ ಬಗ್ಗೆ ನೀವೇ ಒಮ್ಮೆ ಹೇಳಿದ್ರಿ.

— 1077ನೇ ರೆಜಿಮೆಂಟ್. 1942ರ ಆಗಸ್ಟ್ 23. ಜರ್ಮನರ 16ನೇ ಪ್ಯಾಂಜರ್ ಡಿವಿಜನ್ ನಗರದ ಉತ್ತರಕ್ಕೆ, ವೋಲ್ಗಾ ತೀರಕ್ಕೆ ನುಗ್ಗಿ ಬಂತು. ಅವರನ್ನ ತಡೆಯೋಕೆ ಅಲ್ಲಿ ಮುಖ್ಯವಾಗಿ ಇದ್ದದ್ದು ವಿಮಾನ ಹೊಡೆಯೋ ಈ ತೋಪುಗಳು, ಅದರ ಹಿಂದೆ ಬಹಳಷ್ಟು ಹುಡುಗಿಯರು, ಕೆಲವರು ಆಗಷ್ಟೇ ಶಾಲೆ ಮುಗಿಸಿದವರು. ಆಕಾಶಕ್ಕೆ ಮುಖ ಮಾಡಿದ ನಳಿಗೆಗಳನ್ನ ನೆಲಕ್ಕೆ ಇಳಿಸಿ ಟ್ಯಾಂಕುಗಳ ಮೇಲೆ ಹಾರಿಸಿದ್ರು. ಒಂದೊಂದೇ ತೋಪು ಒಡೆದು ಹೋಗೋವರೆಗೂ ಬಿಡಲಿಲ್ಲ. ಆಮೇಲೆ ಹತ್ತಿರ ಬಂದು ನೋಡಿದ ಜರ್ಮನರಿಗೆ ತಾವು ಅಷ್ಟು ಹೊತ್ತು ಹೋರಾಡಿದ್ದು ಹೆಣ್ಣುಮಕ್ಕಳ ಜೊತೆ ಅಂತ ಗೊತ್ತಾಯ್ತು. ನೆಲದ ತೋಪಿಗೆ ಮರೆಯಾಗಿ ಕೂರೋಕೆ ತಗ್ಗು ಮೈ ಇರತ್ತೆ. ವಿಮಾನ ಹೊಡೆಯೋ ತೋಪು ಎತ್ತರ, ಅಡಗೋಕೆ ಜಾಗ ಇಲ್ಲ. ಅವರು ಎಂಥ ಜಾಗದಲ್ಲಿ ನಿಂತಿದ್ರು ಅನ್ನೋದು ತೋಪಿನವನಾಗಿ ನನಗೆ ಮೈಗೇ ಗೊತ್ತಾಗತ್ತೆ.

— ವಾರ್ಯಾಳ ಚಿತ್ರದಲ್ಲಿ ಇದು ಬರಲ್ಲ.

— ಬರಲ್ಲ. ಬರಬೇಕಿತ್ತು ಅಂತ ನಾನು ಹೇಳಲ್ಲ, ಆದರೆ ಆ ಹುಡುಗಿಯರನ್ನ ಮನಸ್ಸಿನಲ್ಲಿ ಇಟ್ಟುಕೊಂಡು ಲದಿನಿನಾಳನ್ನ ನೋಡಬೇಕು. ಆಗಿನವರು ಹಾಗೇ ನೋಡಿದ್ರು.

— ಕೊನೆಯ ದೃಶ್ಯಕ್ಕೆ ಬರೋಣ. ಸೇತುವೆ, ಜನಸಾಗರ, ಆಕಾಶದ ತುಂಬ ಬೆಳಕು, ತೋಪುಗಳ ಸಲಾಮಿ. ಅಷ್ಟು ಭವ್ಯವಾಗಿ ಕಲ್ಪಿಸಿಕೊಂಡದ್ದು ಹೇಗೆ?

— ಕಲ್ಪನೆ ಸ್ವಲ್ಪ, ನೆನಪು ಹೆಚ್ಚು. ಮಾಸ್ಕೋ ಜನ ಆ ಹೊತ್ತಿಗೆ ಒಂದು ವರ್ಷದಿಂದ ಸಲಾಮಿ ನೋಡ್ತಾ ಇದ್ರು. ಮೊದಲನೆಯದು 1943ರ ಆಗಸ್ಟ್ 5, ಓರ್ಯೋಲ್ ಮತ್ತು ಬೆಲ್ಗೊರೋದ್ ಊರುಗಳನ್ನ ಬಿಡಿಸಿದ ದಿನ. ಅದರ ಹಿಂದಿನ ಕಥೆ ತೋಪಿನವರಿಗೆ ಬಹಳ ಪ್ರಿಯ. ಸಲಾಮಿ ಮಾಡಿ ಅಂತ ಮೇಲಿಂದ ಆಜ್ಞೆ ಬಂತು. ನಿಜವಾದ ಗುಂಡು ಹಾರಿಸೋ ಹಾಗಿಲ್ಲ, ಚೂರುಗಳು ತಮ್ಮ ಊರಿನ ಮೇಲೇ ಉದುರ್ತವೆ. ಬೇಕಾದದ್ದು ಬರೀ ಸದ್ದಿನ ಖಾಲಿ ಮದ್ದು. ಎರಡು ವರ್ಷದಿಂದ ಸಾಯಿಸೋಕೆ ಹೊಡೀತಿದ್ದವರ ಉಗ್ರಾಣದಲ್ಲಿ ಖಾಲಿ ಮದ್ದು ಎಲ್ಲಿರಬೇಕು? ಹುಡುಕಿ ಹುಡುಕಿ ಸಿಕ್ಕಿದ್ದು 1200. ನೂರು ತೋಪಿಗೆ ಭಾಗಿಸಿದ್ರೆ ಹನ್ನೆರಡು ಸುತ್ತು. ಕ್ರೆಮ್ಲಿನ್‌ನ 24 ಬೆಟ್ಟದ ತೋಪುಗಳೂ ಸೇರಿದ್ವು. ಹೀಗೆ ಸಲಾಮಿಯ ಲೆಕ್ಕ ಹುಟ್ಟಿದ್ದು ಉಗ್ರಾಣದ ಬಡತನದಿಂದ. ಆಮೇಲೆ ಅದೇ ಪದ್ಧತಿ ಆಯ್ತು. ಸಣ್ಣ ಊರಿಗೆ 124 ತೋಪು 12 ಸುತ್ತು, ದೊಡ್ಡದಕ್ಕೆ 224 ತೋಪು 20 ಸುತ್ತು, ರಾಜಧಾನಿಗೆ 324 ತೋಪು 24 ಸುತ್ತು.

— ಅಂದ್ರೆ ಆ ನೂರು ತೋಪು...

— ಮಾಸ್ಕೋವನ್ನ ಕಾಯ್ತಾ ಇದ್ದ, ವಿಮಾನ ಹೊಡೆಯೋ ತೋಪುಗಳು. 1941ರ ಜುಲೈ 21ರ ರಾತ್ರಿ ಮೊದಲ ಸಲ ಬಾಂಬರುಗಳು ಬಂದಾಗಿನಿಂದ ಅದೇ ದಳಗಳು ಆಕಾಶಕ್ಕೆ ಹೊಡೀತಾ ಇದ್ವು. ಆ ಸದ್ದು ಕೇಳಿದ್ರೆ ಮಾಸ್ಕೋ ಮಕ್ಕಳು ನೆಲಮಾಳಿಗೆಗೆ, ಮೆಟ್ರೋ ಸುರಂಗಕ್ಕೆ ಓಡ್ತಿದ್ರು. ಈಗ ಅದೇ ಸದ್ದಿಗೆ ಬೀದಿಗೆ ಓಡಿ ಬರಬೇಕು! ಎರಡು ವರ್ಷ ಮೈಗೆ ಹತ್ತಿದ ಭಯವನ್ನ ಒಂದು ಸಂಜೆಯಲ್ಲಿ ಬಿಡಿಸಬೇಕು. ಚಿತ್ರದ ಕೊನೆಯ ದೃಶ್ಯ ಮಾಡೋದು ಆ ಕೆಲಸವನ್ನ. ವಾರ್ಯಾಳಂಥ ಹುಡುಗಿಯರು ಕೊಲ್ಲೋಕೆ ಹಾರಿಸ್ತಿದ್ದ ತೋಪು ಅವಳ ಭೇಟಿಗೆ ವಾದ್ಯ ಆಗತ್ತೆ. ಆಯುಧ ತೆರೆಯ ಮೇಲಿಂದ ಮಾಯ ಆಗಲ್ಲ, ಅದರ ಮದ್ದು ಮಾತ್ರ ಖಾಲಿ ಆಗತ್ತೆ. ಹಾಡಿನ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಕೊನೆ ಯಾರೂ ಬರೆದಿಲ್ಲ ಅಂತ ನನ್ನ ನಂಬಿಕೆ.

— ನಿಜವಾದ ದಿನ?

— 1945ರ ಮೇ 9, ರಾತ್ರಿ ಹತ್ತು ಗಂಟೆ. ಸಾವಿರ ತೋಪು, 30 ಸುತ್ತು. ಚಿತ್ರ ಹೇಳಿದ್ದಕ್ಕಿಂತ ನಾಲ್ಕು ಗಂಟೆ ತಡ.

— ನನಗೆ ಇದೇ ಯುದ್ಧದ ಇನ್ನೊಂದು ಹಾಡಿನ ಚಿತ್ರವೂ ಇಷ್ಟ, 1943ರ 'ಇಬ್ಬರು ಸೈನಿಕರು'. ಅದರಲ್ಲಿ ಮಾರ್ಕ್ ಬೆರ್ನೆಸ್ ನೆಲದೊಳಗಿನ ಗುಡಿಸಿಲಲ್ಲಿ ಗಿಟಾರ್ ಹಿಡಿದು ಹಾಡ್ತಾನೆ. ಸೂರು ಸೋರ್ತಾ ಇರತ್ತೆ, ಬಂದೂಕುಗಳು ಸುಮ್ಮನಿರ್ತವೆ. ಅವನು ಯಾರನ್ನೂ ಹುರಿದುಂಬಿಸಲ್ಲ, ಮನೆಯಲ್ಲಿ ಮಗುವಿನ ಪಕ್ಕ ಎಚ್ಚರ ಇರೋಳನ್ನ ನೆನೀತಾನೆ. ಪಿರ್ಯೆವ್‌ನ ಮಾರ್ಚ್‌ಗೆ ನೂರು ಗಂಟಲು ಬೇಕು, ಇದಕ್ಕೆ ಒಂದು ಸಾಕು. ಒಂದನ್ನೇ ಉಳಿಸಿಕೋ ಅಂದ್ರೆ ನಾನು ಬೆರ್ನೆಸ್‌ನ ಹಾಡು ಉಳಿಸಿಕೊಳ್ತೀನಿ.

— ನಾನೂ ಅದನ್ನೇ ಉಳಿಸಿಕೊಳ್ತೀನೇನೋ. ಆದರೆ ಮಾರ್ಚ್ ಕೇಳಿದಾಗ ನನ್ನ ಕಾಲು ತಾನಾಗಿ ಹೆಜ್ಜೆ ಹಾಕತ್ತೆ.

— ಅದೇ ನನಗೆ ಈಗ ಕಷ್ಟ ಆಗಿರೋದು. 1943ರ ಆಗಸ್ಟ್ 23ರಂದು ಮಾಸ್ಕೋದಲ್ಲಿ 224 ತೋಪು 20 ಸುತ್ತು ಹಾರಿದ್ದು ಹಾರ್ಕಿವ್‌ಗೋಸ್ಕರ, ಆ ಊರು ಬಿಡುಗಡೆ ಆಯ್ತು ಅನ್ನೋ ಸಂತೋಷಕ್ಕೆ. 2022ರ ಫೆಬ್ರವರಿಯಿಂದ ಅದೇ ಹಾರ್ಕಿವ್ ಮೇಲೆ ರಷ್ಯಾದ ಗುಂಡುಗಳು, ಕ್ಷಿಪಣಿಗಳು ಬೀಳ್ತಾ ಇವೆ. ಅಲ್ಲಿನ ಮಕ್ಕಳು ಮೆಟ್ರೋ ನಿಲ್ದಾಣದೊಳಗೆ ಪಾಠ ಕಲಿತರು. ಅವತ್ತು ಹಾರ್ಕಿವ್‌ಗೆ ಸಂತೋಷಪಟ್ಟ ಸೈನ್ಯದ ಹಾಡು ಇದು. ಇದನ್ನ ಕೇಳಿ ನಿಮ್ಮ ಹಾಗೆ ಹೆಜ್ಜೆ ಹಾಕೋಕೆ ನನಗೆ ಆಗ್ತಿಲ್ಲ. ಯಾರಿಗಾದರೂ ಈ ಚಿತ್ರ ತೋರಿಸೋದಾದ್ರೆ ಆಸ್ಪತ್ರೆಯ ದೃಶ್ಯದಿಂದಲೇ ಶುರು ಮಾಡ್ತೀನಿ. ಮೊದಲು ಕಾಲು ಹೋದವನನ್ನ ನೋಡಲಿ, ಆಮೇಲೆ ಬೇಕಾದ್ರೆ ತೋಪು ನೋಡಲಿ.

— ಬೇಡ ಮಗಳೇ, ಮೊದಲಿಂದಲೇ ತೋರಿಸು. ಹಾರ್ಕಿವ್ ಬಗ್ಗೆ ನೀನು ಹೇಳಿದ್ದನ್ನೂ ಅವರಿಗೆ ಹೇಳು, ಮುಚ್ಚಿಡಬೇಡ. ಆದರೆ ಚಿತ್ರದ ಕ್ರಮ ಕೆಡಿಸಬೇಡ. ಆ ಇಬ್ಬರು ಹುಡುಗರ ನಗು ಅವರಿಗೆ ಹಿಡಿಸಬೇಕು, ಮಕ್ಕಳ ಉಡುಗೊರೆ ಹಿಡಿಸಬೇಕು, ತೋಪಿನ ಹಿಂದೆ ಅವರೂ ಒಂದಷ್ಟು ಹೊತ್ತು ನಿಂತಿರಬೇಕು. ನಿಂತವರಿಗೇ ಆ ಕಾಲು ಹೋಗೋದು.